ಮಂಗೋಲಿಯಾಕ್ಕೆ ಸಮುದ್ರದ ದಾರಿ ಕೇಳಿದ ಗೊಲ್ಲಾಳಮ್ಮ

ಶಹಾಪುರದ ಹಳೆ ಬಸ್‌ಸ್ಟ್ಯಾಂಡಿನಿಂದ ಗುಡ್ಡದ ಕಡೆಗೆ ತಿರುಗುವ ಓಣಿಯಲ್ಲಿ ಗೊಲ್ಲಾಳಮ್ಮನ ಹಿಟ್ಟಿನ ಗಿರಣಿ ಇದೆ. ಇಪ್ಪತ್ತಾರು ವರ್ಷ ಆ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಕೆಯ ದನಿ ಒಂದೇ ಎತ್ತರಕ್ಕೆ ನಿಂತುಬಿಟ್ಟಿತ್ತು. ಮನೆಯಲ್ಲಿ ಊಟಕ್ಕೆ ಕೂತ ಗಂಡನಿಗೆ ಉಪ್ಪು ಸಾಕೋ ಬೇಕೋ ಎಂದು ಕೇಳಿದರೆ ಪಕ್ಕದ ಮನೆಯವರು ಸಾಕು ಎಂದು ಉತ್ತರ ಕೊಡುತ್ತಿದ್ದರು. ಗಂಡ ಸೂಗಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಊರಿನ ಸುದ್ದಿಯೆಲ್ಲ ಗೊಲ್ಲಾಳಮ್ಮನಿಗೆ ಹಿಟ್ಟಿನಿಂದಲೇ ತಿಳಿಯುತ್ತಿತ್ತು. ಜೋಳ ಬೀಸಿಸುವ ಮನೆಯಿಂದ ಒಮ್ಮೆಲೇ ಗೋಧಿ ಬಂದರೆ ಬೀಗರು ಬಂದಿದ್ದಾರೆ. ನವಣೆ ಬಂದರೆ ಯಾರಿಗೋ ಸಕ್ಕರೆ ಕಾಯಿಲೆ ಹತ್ತಿದೆ. ಕಡಲೆಬೇಳೆ ಜಾಸ್ತಿ ಬಂದರೆ ಹೆಣ್ಣು ನೋಡಲು ಬರುವವರಿದ್ದಾರೆ. ಇದಕ್ಕಿಂತ ಹೆಚ್ಚಿನ ಜ್ಞಾನ ಮನುಷ್ಯನಿಗೆ ಬೇಕು ಎಂದು ಆಕೆಗೆ ಎಂದೂ ಅನ್ನಿಸಿರಲಿಲ್ಲ. ಆಕೆ ಕಂಡ ದೂರದ ಊರುಗಳೆಂದರೆ ಗಂಡನ ಹರ್ನಿಯಾ ಆಪರೇಷನ್ನಿಗೆ ಹೋದ ಕಲಬುರಗಿ, ಒಮ್ಮೆ ಹೋಗಿಬಂದ ಶ್ರೀಶೈಲ, ಇಷ್ಟೆ. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ತಂಗಿ ಇದ್ದಾಗ ಗೇಟು ತೆಗೆದ ದಿನ ನೀರು ನೋಡಿ, ಇಷ್ಟೊಂದು ನೀರು ಯಾರಿಗೆ ಬೇಕು ಎಂದು ಕೇಳಿ ಬಂದಿದ್ದಳು.

ಇಂಥವಳು ಜಗತ್ತಿನ ವ್ಯವಹಾರಕ್ಕೆ ಇಳಿದದ್ದು ಭಗವಂತರಾಯ ಮಾಸ್ತರರ ದೆಸೆಯಿಂದ. ಮಾಸ್ತರರು ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಒಂದು ಕೊರಗು ಹತ್ತಿತು. ಊರಿನ ಮಂದಿ ತೊಗರಿಯ ರೇಟು, ಕಾಲುವೆಯ ನೀರು, ಇಲೆಕ್ಷನ್ನು, ಈ ಮೂರನ್ನು ಬಿಟ್ಟು ನಾಲ್ಕನೆಯದರ ಬಗ್ಗೆ ಮಾತಾಡುವುದಿಲ್ಲ. ಭೂಮಿ ಗುಂಡಗಿದೆ ಎಂದು ತಾವು ಹೇಳಿಕೊಟ್ಟದ್ದೆಲ್ಲ ವ್ಯರ್ಥವಾಯಿತು. ಅದಕ್ಕೆ ಪ್ರತಿ ತಿಂಗಳ ಎರಡನೆಯ ಭಾನುವಾರ ಗ್ರಂಥಾಲಯದ ಓದುವ ಕೋಣೆಯಲ್ಲಿ ‘ಜಗತ್ತು ಮತ್ತು ನಾವು’ ಎಂಬ ಕಾರ್ಯಕ್ರಮ ಶುರುಮಾಡಿದರು. ಮೊದಲ ತಿಂಗಳು ಶೀತಲ ಸಮರದ ಬಗ್ಗೆ ತಾವೇ ಎರಡು ತಾಸು ಉಪನ್ಯಾಸ ಕೊಟ್ಟರು. ಏಳು ಮಂದಿ ಬಂದಿದ್ದರು. ಅವರಲ್ಲಿ ಇಬ್ಬರು ಫ್ಯಾನಿಗಾಗಿ ಬಂದವರು. ಒಬ್ಬ ಮೊಬೈಲು ಚಾರ್ಜಿಗೆ ಹಾಕಲು ಬಂದವನು. ಚಾರ್ಜು ತುಂಬಿದ ಕೂಡಲೇ, ಬರ್ಲಿನ್ ಗೋಡೆ ಅರ್ಧ ಬಿದ್ದಿರುವಾಗಲೇ ಎದ್ದು ಹೋದ. ಎರಡನೆಯ ತಿಂಗಳು ನಾಲ್ಕೇ ಮಂದಿ.

ಆಗ ಮಾಸ್ತರರು ಬೇರೆ ಹಾದಿ ಹಿಡಿದರು. ಬಂದವರೆಲ್ಲ ಒಂದೊಂದು ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ದೇಶದ ಹೆಸರಿದೆಯೋ ಆ ದೇಶ ಒಂದು ವರ್ಷ ಅವರದು. ತಿಂಗಳಿಗೊಮ್ಮೆ ಅದರ ಸುದ್ದಿ ತಂದು ಐದು ನಿಮಿಷ ಹೇಳಬೇಕು. ಅಕ್ಟೋಬರ್ ಇಪ್ಪತ್ತನಾಲ್ಕು, ವಿಶ್ವಸಂಸ್ಥೆಯ ದಿನ, ಸಮುದಾಯ ಭವನದಲ್ಲಿ ಎಲ್ಲ ದೇಶಗಳ ಸಭೆ; ಅಲ್ಲಿ ಪ್ರತಿ ದೇಶವೂ ಒಂದೊಂದು ಬೇಡಿಕೆ ಇಟ್ಟು ಓಟು ಕೇಳಬೇಕು. ಗೋಧಿ ಬೀಸಿಸಲು ಬಂದಾಗ ಮಾಸ್ತರರು ಇದನ್ನೆಲ್ಲ ಗೊಲ್ಲಾಳಮ್ಮನಿಗೂ ವಿವರಿಸಿದರು. ಗಿರಣಿ ಓಡುತ್ತಿತ್ತು. ಆಕೆಗೆ ಕೇಳಿಸಿದ್ದು ‘ಭಾನುವಾರ’ ಮತ್ತು ‘ಚೀಟಿ’ ಎರಡೇ. ಮಿಕ್ಸರೋ ಇಸ್ತ್ರಿ ಪೆಟ್ಟಿಗೆಯೋ ಬಹುಮಾನ ಇರಬೇಕೆಂದು ತಿಳಿದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಗಂಡನನ್ನೂ ಕರೆದುಕೊಂಡು ಹೋದಳು.

ಅದು ಎರಡು ಸಾವಿರದ ಇಪ್ಪತ್ತನಾಲ್ಕರ ಫೆಬ್ರವರಿ. ಸ್ಟೀಲಿನ ಡಬ್ಬಿಯೊಳಗೆ ಕೈಹಾಕಿ ತೆಗೆದ ಚೀಟಿಯನ್ನು ಆಕೆ ಬಿಚ್ಚಿ ಓದಿದಳು. ಮಂಗೋಲಿಯಾ ಎಂದಿತ್ತು.

“ಇದು ಯಾವ ಕಂಪನೀದ್ರಿ ಮಾಸ್ತರ್ರ?” ಎಂದು ಕೇಳಿದಳು.

ಅದು ದೇಶ ಎಂದು ತಿಳಿದ ಮೇಲೆ ಆಕೆಗೆ ಮಹಾ ಬೇಸರವಾಯಿತು. ಪಕ್ಕದಲ್ಲೇ ಹಾಲಿನ ಡೇರಿಯ ಬಸಲಿಂಗನಿಗೆ ಅಮೆರಿಕ ಬಂದಿತ್ತು. ಅವನು ಆಗಲೇ ಪೇಢೆ ತರಿಸಿ ಹಂಚುತ್ತಿದ್ದ. ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನ ಅಬ್ದುಲ್ ಕರೀಮನಿಗೆ ಚೀನಾ. ಸರ್ಕಾರಿ ದವಾಖಾನೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು, ಅರ್ಧ ಶಹಾಪುರದ ಹೆರಿಗೆ ಮಾಡಿಸಿದ ಕಸ್ತೂರಿಬಾಯಿಗೆ ರಷ್ಯಾ. ಬಾಳೆಹಣ್ಣಿನ ಬಂಡಿಯ ಸರದಾರಸಾಬನಿಗೆ ಸ್ವಿಟ್ಜರ್ಲೆಂಡ್. ಎಲ್ಲರಿಗೂ ಒಂದಿಷ್ಟು ಕೇಳಿದ ಹೆಸರಾದರೂ ಬಂದಿದೆ, ತನಗೆ ಮಾತ್ರ ಹೀಗಾಯಿತು ಎಂದು, ದೇಶ ಬದಲಿ ಮಾಡಿಕೊಡಿ ಎಂದು ಮಾಸ್ತರರ ಬೆನ್ನುಹತ್ತಿದಳು. ಯಾವ ದೇಶದಲ್ಲಿ ಹುಟ್ಟಬೇಕು ಎಂದು ಆರಿಸಿಕೊಂಡು ಯಾರೂ ಹುಟ್ಟುವುದಿಲ್ಲ, ಸಿಕ್ಕದ್ದರಲ್ಲೇ ಬಾಳ್ವೆ ಮಾಡಬೇಕು ಎಂದು ಮಾಸ್ತರರು ಕೈಬಿಡಿಸಿಕೊಂಡರು.

ಮನೆಗೆ ಬಂದ ಮೇಲೆ ಸೂಗಪ್ಪ ಮೊಬೈಲಿನಲ್ಲಿ ಮಂಗೋಲಿಯಾ ಎಂದು ಹುಡುಕಿದ. ಮೊದಲು ಬಂದದ್ದು ಒಂದು ಫೋಟೊ. ಸುತ್ತ ಎಲ್ಲಿ ನೋಡಿದರೂ ಹಿಮ, ನಡುವೆ ಉಣ್ಣೆಯ ದುಂಡನೆ ಡೇರೆ, ಅದರ ಮುಂದೆ ಕೆಂಪು ಕೆನ್ನೆಯ ಒಬ್ಬ ಹೆಂಗಸು. ಅವಳ ದಪ್ಪ ಅಂಗಿಯ ಎದೆಯೊಳಗಿಂದ ಒಂದು ಕುರಿಮರಿ ತಲೆ ಹೊರಗೆ ಹಾಕಿತ್ತು. ಗೊಲ್ಲಾಳಮ್ಮ ಗಂಡನ ಕೈಯಿಂದ ಮೊಬೈಲು ಕಸಿದುಕೊಂಡಳು. ಆಕೆಯ ತವರು ವನದುರ್ಗ. ಕೋಟೆಯ ಬುಡದಲ್ಲಿ ಅವರ ಮನೆಯದು ಎಂಬತ್ತು ಕುರಿಯ ಹಿಂಡು. ಪುಷ್ಯಮಾಸದ ಚಳಿಯಲ್ಲಿ ಈದ ಮರಿಯನ್ನು ಅವಳವ್ವ ಹೀಗೆಯೇ ಕಂಬಳಿಯೊಳಗೆ ಎದೆಗೆ ಒತ್ತಿಕೊಂಡು ಅಡಿಗೆ ಮಾಡುತ್ತಿದ್ದಳು. ಗೊಲ್ಲಾಳಮ್ಮ ಆ ಫೋಟೊವನ್ನು ಬಹಳ ಹೊತ್ತು ನೋಡಿ, ಬೆರಳಿನಿಂದ ದೊಡ್ಡದು ಮಾಡಿ ಮರಿಯ ಕಿವಿ ನೋಡಿ, ಇವರು ಬೇರೆ ಯಾರೂ ಅಲ್ಲ, ನಮ್ಮ ಮಂದಿಯೇ ಎಂದು ತೀರ್ಮಾನ ಕೊಟ್ಟಳು.

ಅಂದಿನಿಂದ ಆಕೆಗೆ ನೆಮ್ಮದಿ ಹೋಯಿತು. ಆ ವರ್ಷ ಅಲ್ಲಿ ಚಳಿ ವಿಪರೀತ ಬಿದ್ದಿತ್ತು. ಹಿಮ ಕರಗಿ, ಮತ್ತೆ ಗಡ್ಡೆಕಟ್ಟಿ, ಹುಲ್ಲು ಅದರ ಕೆಳಗೆ ಸಿಕ್ಕಿಹಾಕಿಕೊಂಡು ದನಕರು ಮೇವಿಲ್ಲದೆ ಸಾಯುತ್ತಿದ್ದವು. ಸೂಗಪ್ಪ ಇದನ್ನು ಓದಿ ಹೇಳಿದಾಗ ಆಕೆ ತಿನ್ನುತ್ತಿದ್ದ ರೊಟ್ಟಿ ಅರ್ಧಕ್ಕೇ ಬಿಟ್ಟೆದ್ದಳು. ಶೇಂಗಾ ಹೊಟ್ಟು ಒಂದು ಲಾರಿ ಕಳಿಸಿದರೆ ಎಷ್ಟು ದಿನಕ್ಕೆ ಮುಟ್ಟೀತು ಎಂದು ಕೇಳಿದಳು. ನಲವತ್ತು ವರ್ಷ ಬಸ್ಸು ರಿಪೇರಿ ಮಾಡಿದ ಸೂಗಪ್ಪ ಸ್ವಲ್ಪ ಯೋಚಿಸಿ, ನಡುವೆ ಹಿಮಾಲಯ ಇದೆ, ಗೇರು ಹಿಡಿಯಲಿಕ್ಕಿಲ್ಲ ಎಂದ.

ಮರುದಿನ ಗಿರಣಿಯ ಬಾಗಿಲಲ್ಲಿ ಒಂದು ಕರಿಹಲಗೆ ಬಂತು. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಇಂದು ಮಂಗೋಲಿಯಾ ಮೈನಸ್ ೨೮, ಇಂದು ಶಹಾಪುರ ೩೬’ ಎಂದು ಬರೆದಿತ್ತು. ದಿನಾ ಮುಂಜಾನೆ ಸೂಗಪ್ಪ ನೋಡಿ ಹೇಳಬೇಕು, ಆಕೆ ಬರೆಯಬೇಕು. ಹಿಟ್ಟಿಗೆ ಬಂದವರು ಮೊದಮೊದಲು ನಕ್ಕರು. ಏಪ್ರಿಲ್ ಹೊತ್ತಿಗೆ ಶಹಾಪುರ ನಲವತ್ಮೂರು ಮುಟ್ಟಿತು. ಹಿಟ್ಟು ಇಲ್ಲದವರೂ ಬಂದು ಹಲಗೆಯ ಮುಂದೆ ನಿಂತು ಒಂದು ಉಸಿರು ಬಿಟ್ಟು ಹೋಗತೊಡಗಿದರು. ಗಿರಣಿಗೆ ಮಂಗೋಲಿಯಾ ಗಿರಣಿ ಎಂದೇ ಹೆಸರು ಬಿತ್ತು.

ತಿಂಗಳ ಸಭೆಗಳಲ್ಲಿ ಆಕೆಯ ಐದು ನಿಮಿಷ ಇಪ್ಪತ್ತಾಗುತ್ತಿತ್ತು. ಓದುವ ಕೋಣೆಯ ಹೊರಗೆ ಹೋಗುವವರಿಗೂ ಕೇಳುತ್ತಿದ್ದುದರಿಂದ ಕಿಟಕಿಯಲ್ಲಿ ಮಂದಿ ನಿಲ್ಲತೊಡಗಿದರು. ಅಲ್ಲಿ ಮನುಷ್ಯನೊಬ್ಬನಿಗೆ ಹದಿನೆಂಟು-ಇಪ್ಪತ್ತು ಕುರಿ, ಆಡು, ಕುದುರೆ ಇವೆ ಎಂದು ಆಕೆ ಹೇಳಿದಾಗ ಅಮೆರಿಕದ ಬಸಲಿಂಗ ಎದ್ದು ನಿಂತು, ಅಷ್ಟನ್ನೂ ಹಿಂಡುವವರು ಯಾರು ಎಂದು ಕೇಳಿದ. ಆ ಪ್ರಶ್ನೆಗೆ ಅರ್ಧ ತಾಸು ಚರ್ಚೆಯಾಯಿತು. ರಾಜಧಾನಿಯ ಹೆಸರು ಉಲಾನ್‌ಬಾತರ್ ಎಂದು ಮಾಸ್ತರರು ಹೇಳಿಕೊಟ್ಟಿದ್ದರೂ ಗೊಲ್ಲಾಳಮ್ಮನ ಬಾಯಲ್ಲಿ ಅದು ‘ಉಲ್ಲನ್ ಬಾಜಾರ’ ಆಯಿತು. ಮೂರು ಸಲ ತಿದ್ದಿದರು. ಅಲ್ಲಿ ಉಲ್ಲನ್ ಇದೆ, ಬಾಜಾರವೂ ಇದೆ, ಇನ್ನೇನೆಂದು ಕರೆಯಬೇಕು ಎಂದು ಆಕೆ ಕೇಳಿದಳು. ಆಗಸ್ಟ್ ಹೊತ್ತಿಗೆ ಊರೆಲ್ಲ ಹಾಗೇ ಅನ್ನುತ್ತಿತ್ತು. ಒಂದು ಭಾನುವಾರ ಮಾಸ್ತರರೇ ಮಾತಿನ ಓಘದಲ್ಲಿ ಉಲ್ಲನ್ ಬಾಜಾರ ಎಂದುಬಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು.

ತೊಂದರೆ ಶುರುವಾದದ್ದು ಸೆಪ್ಟೆಂಬರಿನಲ್ಲಿ. ಆ ಭಾನುವಾರ ಮಾಸ್ತರರು ಶಾಲೆಯಿಂದ ದೊಡ್ಡ ನಕಾಶೆ ತಂದು ಗೋಡೆಗೆ ತೂಗುಹಾಕಿದರು. ಗೊಲ್ಲಾಳಮ್ಮ ಹತ್ತಿರ ಹೋಗಿ ತನ್ನ ದೇಶದ ಗಡಿಯ ಮೇಲೆ ಬೆರಳಿಟ್ಟು ಸುತ್ತ ಆಡಿಸಿದಳು. ಮೇಲೆ ರಷ್ಯಾ. ಕೆಳಗೆ, ಎಡಕ್ಕೆ, ಬಲಕ್ಕೆ ಚೀನಾ. ನೀಲಿ ಬಣ್ಣ ಎಲ್ಲೂ ತಾಗಲಿಲ್ಲ. ಎರಡೂ ಕಡೆ ಮಂದಿಯ ಮನೆ, ನಡುವೆ ನಮ್ಮ ಮನೆ, ಹೊರಗೆ ಹೋಗಲು ಬಾಗಿಲೇ ಇಲ್ಲ, ಇದು ಯಾವ ನ್ಯಾಯ ಎಂದು ಕೇಳಿದಳು. ಅಕ್ಟೋಬರಿನ ಸಭೆಗೆ ತನ್ನ ಬೇಡಿಕೆ ಸಿಕ್ಕಿತು ಎಂದೂ, ಮಂಗೋಲಿಯಾಕ್ಕೆ ಸಮುದ್ರದ ತನಕ ದಾರಿ ಬೇಕು ಎಂದೂ ಅಲ್ಲೇ ಸಾರಿದಳು.

ಚೀನಾದ ಅಬ್ದುಲ್ ಕರೀಮ ‘ನೋಡೋಣ್ರಿ ಅಕ್ಕಾರ’ ಎಂದ. ಚಹಾ ಬೇಗ ಕೊಡು ಎಂದವರಿಗೂ ಅವನು ಅದನ್ನೇ ಅನ್ನುತ್ತಿದ್ದ. ಆದರೆ ಕಸ್ತೂರಿಬಾಯಿ ಹಾಗಲ್ಲ. ದವಾಖಾನೆಯ ಓಪಿಡಿಯಲ್ಲಿ ಬೆಳೆದ ಅವಳ ಪಾಲಿಗೆ ಜಗತ್ತೆಲ್ಲ ಒಂದು ಸಾಲು. ಯಾರೂ ನಡುವೆ ನುಗ್ಗಬಾರದು.

“ಅರ್ಜಿ ಕೊಡು, ಸಾಲಿನ್ಯಾಗ ನಿಂದ್ರು,” ಎಂದಳು. “ಇಲ್ಲಿ ಹದಿನೆಂಟು ದೇಶ ಅದಾವು ಗೊಲ್ಲಾಳವ್ವ. ನೀ ಒಬ್ಬಾಕಿನೇ ಅಲ್ಲ.”

ಎಲ್ಲರ ಎದುರಿಗೆ ಹೀಗೆ ಅಂದದ್ದು ಗೊಲ್ಲಾಳಮ್ಮನಿಗೆ ಚುಚ್ಚಿತು. ಇಪ್ಪತ್ತು ವರ್ಷದ ಸ್ನೇಹ ಅವರದು. ಮರುದಿನ ಮುಂಜಾನೆ ಕಸ್ತೂರಿಬಾಯಿ ಎಂದಿನಂತೆ ಜೋಳದ ಡಬ್ಬಿ ಹಿಡಿದುಕೊಂಡು ಬಂದಾಗ ಗೊಲ್ಲಾಳಮ್ಮ ಡಬ್ಬಿ ಮುಟ್ಟಲಿಲ್ಲ. ಬೆಲ್ಟಿನ ಕಡೆ ನೋಡುತ್ತಾ, “ಮಂಗೋಲಿಯಾ ಗಿರಣಿ ರಷ್ಯಾಕ್ಕ ಬಂದ್ ಐತ್ರಿ,” ಎಂದಳು.

ಕಸ್ತೂರಿಬಾಯಿ ಡಬ್ಬಿ ಎತ್ತಿಕೊಂಡು ಯಾದಗಿರಿ ರಸ್ತೆಯ ಇನ್ನೊಂದು ಗಿರಣಿಗೆ ಹೋದಳು. ಅಲ್ಲಿಯ ಕಲ್ಲು ಒರಟು. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಅವಳ ಗಂಡ ಅಯ್ಯಣ್ಣ ಎರಡು ದಿನ ಸುಮ್ಮನೆ ಉಂಡ. ಮೂರನೆಯ ದಿನ, ರಷ್ಯಾದಲ್ಲಿ ಎಲ್ಲರೂ ಇದನ್ನೇ ತಿನ್ನುತ್ತಾರೇನು ಎಂದು ಕೇಳಿದ. ಅವನಿಗೆ ಆ ದಿನ ಎರಡನೆಯ ರೊಟ್ಟಿ ಸಿಗಲಿಲ್ಲ.

ರಷ್ಯಾ ಬಿಡುತ್ತದೆಯೇ? ಪ್ರತಿ ಸೋಮವಾರ ಕಸ್ತೂರಿಬಾಯಿ ಗಿರಣಿಯ ಬೆಂಚಿನ ಮೇಲೆ ಕೂತು ಗೊಲ್ಲಾಳಮ್ಮನ ಬಿಪಿ ನೋಡುವ ರೂಢಿಯಿತ್ತು. ಅದು ನಿಂತಿತು. ಆ ಸೋಮವಾರ ಅವಳು ಬಿಪಿಯ ಯಂತ್ರವನ್ನು ಕಂಕುಳಲ್ಲಿ ಹಿಡಿದುಕೊಂಡು, ಗಿರಣಿಯ ಮುಂದೆಯೇ ನಿಧಾನವಾಗಿ ನಡೆದು, ಎದುರು ಮನೆಯ ಟೇಲರ್ ಮೌನೇಶ್ವರಿಯ ಬಿಪಿ ನೋಡಿ ಬಂದಳು. ಮೌನೇಶ್ವರಿಗೆ ಮೂವತ್ತೆರಡು ವರ್ಷ, ಬಿಪಿ ಇರಲಿಲ್ಲ. ಆದರೂ ನೋಡಿದಳು.

ಊರು ಎರಡು ಪಾಲಾಯಿತು. ಅಬ್ದುಲ್ ಕರೀಮನ ಹೋಟೆಲಿನಲ್ಲಿ ಬಾಗಿಲ ಕಡೆಯ ಟೇಬಲ್ಲು ಮಂಗೋಲಿಯಾದ್ದು, ಒಲೆಯ ಕಡೆಯದು ರಷ್ಯಾದ್ದು ಎಂದಾಯಿತು. ಯಾವ ಕಡೆ ಎಂದು ಕೇಳಿದವರಿಗೆ ಸರದಾರಸಾಬ, ತಾನು ಸ್ವಿಟ್ಜರ್ಲೆಂಡ್, ಎರಡೂ ಕಡೆಯವರಿಗೆ ಬಾಳೆಹಣ್ಣು ಮಾರಬೇಕು ಎಂದು ಬಂಡಿ ನೂಕಿಕೊಂಡು ಹೋಗುತ್ತಿದ್ದ. ಭಗವಂತರಾಯ ಮಾಸ್ತರರಿಗೆ ಗಾಬರಿಯಾಯಿತು. ಶೀತಲ ಸಮರ ಹೇಗಿರುತ್ತದೆ ಎಂದು ಊರಿಗೆ ತಿಳಿಸಿಕೊಡಲು ಹೊರಟಿದ್ದರು ನಿಜ. ಅದು ಇಷ್ಟು ಚೆನ್ನಾಗಿ ತಿಳಿಯುತ್ತದೆ ಎಂದುಕೊಂಡಿರಲಿಲ್ಲ. ಎರಡೂ ಮನೆಗೆ ಹೋಗಿ ಸಂಧಾನಕ್ಕೆ ಕೂತರು. ಗೊಲ್ಲಾಳಮ್ಮ ಚಹಾ ಕೊಟ್ಟು ದಾರಿ ಕೇಳಿದಳು. ಕಸ್ತೂರಿಬಾಯಿ ಚಹಾ ಕೊಟ್ಟು ಅರ್ಜಿ ಕೇಳಿದಳು. ಎರಡು ಸಲ ಚಹಾ ಕುಡಿದು ಅವರು ಮನೆಗೆ ಬಂದರು.

ಅಕ್ಟೋಬರಿನ ಮೊದಲ ವಾರ ಒಂದು ಮಂಗಳವಾರ. ಖಾರ ಕುಟ್ಟಿಸುವವರ ಗದ್ದಲ. ಮೆಣಸಿನಕಾಯಿಯ ಘಾಟು, ಸೆಕೆ, ನಿಂತು ನಿಂತು ಗೊಲ್ಲಾಳಮ್ಮನಿಗೆ ಕಣ್ಣು ಕತ್ತಲೆ ಬಂದಂತಾಗಿ ಜೋಳದ ಚೀಲದ ಮೇಲೆ ಕುಸಿದು ಕೂತಳು. ಸೂಗಪ್ಪ ಓಡಿಬಂದು ಮೋಟರು ಬಂದ್ ಮಾಡಿದ. ಕರೆಂಟು ಇರುವ ಹೊತ್ತಿನಲ್ಲಿ ಆ ಗಿರಣಿ ಸದ್ದು ನಿಲ್ಲಿಸಿದ್ದನ್ನು ಓಣಿ ಕೇಳಿರಲಿಲ್ಲ. ಮೂರು ಮನೆ ಆಚೆ ಸೊಪ್ಪು ಸೋಸುತ್ತಿದ್ದ ಕಸ್ತೂರಿಬಾಯಿ ತಲೆ ಎತ್ತಿದಳು. ಎರಡೇ ನಿಮಿಷದಲ್ಲಿ ಬಿಪಿಯ ಯಂತ್ರ ಹಿಡಿದು, ಕಾಲಿಗೆ ಚಪ್ಪಲಿಯೂ ಇಲ್ಲದೆ, ಗಿರಣಿಯೊಳಗೆ ಬಂದು ನಿಂತಿದ್ದಳು.

ಗೊಲ್ಲಾಳಮ್ಮನ ತೋಳಿಗೆ ಪಟ್ಟಿ ಸುತ್ತಿದಳು. ರಬ್ಬರಿನ ಗುಂಡು ಒತ್ತತೊಡಗಿದಳು. ಗೊಲ್ಲಾಳಮ್ಮ ಕಣ್ಣು ತೆರೆದು ನೋಡಿ ಕೈ ಬಿಗಿಹಿಡಿದಳು.

“ಕೈ ಸಡ್ಲ ಬಿಡು,” ಎಂದಳು ಕಸ್ತೂರಿಬಾಯಿ. “ದಾರಿ ಅಂತೂ ಕೊಡಂಗಿಲ್ಲ.”

“ನಾನೇನ್ ಈಗ ಕೇಳಿಲ್ಲಲ್ರಿ ಅಕ್ಕಾರ.”

“ಕೇಳೂ ಮೊದಲ ಹೇಳೀನಿ. ಉಪ್ಪಿನಕಾಯಿ ತಿನ್ನಾಕತ್ತಿದ್ದೇನ್?”

“ತಿಂದೀನಿ. ನೀವು ಸೋಮವಾರ ಬರಲಿಲ್ಲಲ್ಲ, ಬೈಯವ್ರು ಯಾರೂ ಇರಲಿಲ್ಲ.”

ಬಿಪಿ ನೂರ ಅರವತ್ತು ಬಂತು. ಕಸ್ತೂರಿಬಾಯಿ ಗುಳಿಗೆ ನುಂಗಿಸಿ, ಎಳನೀರು ತರಿಸಿ ಕುಡಿಸಿ, ಉಪ್ಪಿನಕಾಯಿಯ ಭರಣಿ ಎಲ್ಲಿದೆ ಎಂದು ಸೂಗಪ್ಪನನ್ನು ಕೇಳಿ, ಅದನ್ನು ತಾನೇ ಎತ್ತಿಕೊಂಡು ಹೊರಟಳು. ಗೊಲ್ಲಾಳಮ್ಮ, ಡಬ್ಬಿ ಕಳಿಸಿದರೆ ಬೀಸಿಕೊಡುತ್ತೇನೆ ಎಂದು ಹೇಳಬೇಕೆಂದಿದ್ದಳು. ಭರಣಿ ಹೋಗುವುದನ್ನು ಕಂಡು ಬಾಯಿ ಮುಚ್ಚಿಕೊಂಡಳು. ವಿಷಯ ತಿಳಿದ ಮಾಸ್ತರರು ತಮ್ಮ ನೋಟುಬುಕ್ಕಿನಲ್ಲಿ ‘ಯುದ್ಧಕಾಲದಲ್ಲಿ ಮಾನವೀಯ ನೆರವು: ಉದಾಹರಣೆ’ ಎಂದು ಬರೆದುಕೊಂಡರು. ಭರಣಿಯನ್ನು ಯಾವ ಶೀರ್ಷಿಕೆಯ ಕೆಳಗೆ ಹಾಕಬೇಕೆಂದು ಅವರಿಗೆ ತಿಳಿಯಲಿಲ್ಲ.

ಇಪ್ಪತ್ತನಾಲ್ಕನೆಯ ತಾರೀಖು ಸಮುದಾಯ ಭವನದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸೇರಿದರು. ಮಾಸ್ತರರ ಜೀವನದಲ್ಲಿ ಸಮಾಜ ವಿಜ್ಞಾನಕ್ಕೆ ಅಷ್ಟು ಜನ ಬಂದದ್ದು ಅದೇ ಮೊದಲು. ಮದುವೆಗೆ ಹಾಕುವ ಕೆಂಪು ಕುರ್ಚಿಗಳನ್ನು ಅರ್ಧವೃತ್ತದಲ್ಲಿ ಹಾಕಿ, ಲಗ್ನಪತ್ರಿಕೆಗಳ ಬೆನ್ನಮೇಲೆ ದೇಶದ ಹೆಸರು ಬರೆದು ಅಂಟಿಸಿದ್ದರು. ಸುರಪುರದಿಂದ ಕರೆಸಿದ ಬೋರ್ಡು ಬರೆಯುವವನು ಬಾವುಟಗಳನ್ನು ಬರೆದಿದ್ದ. ಮಂಗೋಲಿಯಾದ ಬಾವುಟದ ಮೇಲಿನ ಗುರುತು ಅವನಿಗೆ ಬಗೆಹರಿಯದೆ ಒಂದು ಸಮೆಯ ದೀಪ ಬರೆದು, ಚಿನ್ನದ ಬಣ್ಣ ಬಳಿದು ಕೊಟ್ಟಿದ್ದ. ಗೊಲ್ಲಾಳಮ್ಮನಿಗೆ ಅದು ಬಹಳ ಹಿಡಿಸಿತು. ಅಮೆರಿಕ ಬರಲಿಲ್ಲ. ಬಸಲಿಂಗನ ಎಮ್ಮೆ ಅಂದೇ ಮುಂಜಾನೆ ಈಯುವುದಕ್ಕೆ ಕೂತಿತ್ತು. ಖಾಲಿ ಕುರ್ಚಿ ಕಾಣಬಾರದೆಂದು ಅದರ ಮೇಲೆ ಕುಡಿಯುವ ನೀರಿನ ಕ್ಯಾನು ಇಟ್ಟರು. ಎಲ್ಲ ದೇಶಗಳೂ ಆಗಾಗ ಎದ್ದು ಅಮೆರಿಕದ ಹತ್ತಿರ ಹೋಗಿಬಂದವು.

ಗೊಲ್ಲಾಳಮ್ಮನ ಸರದಿ ಬಂತು. ಮಾಸ್ತರರು ಮೂರು ಪುಟದ ಭಾಷಣ ಬರೆದುಕೊಟ್ಟಿದ್ದರು. ‘ಭೂಬಂಧಿತ ರಾಷ್ಟ್ರಗಳ ಆರ್ಥಿಕ ಹಿನ್ನಡೆ’ ಎಂದು ಶುರುವಾಗುತ್ತಿತ್ತು. ಆಕೆ ಅದನ್ನು ಬಾಯಿಪಾಠ ಮಾಡಿಕೊಂಡೂ ಇದ್ದಳು. ಆದರೆ ಮೈಕಿನ ಮುಂದೆ ಬಾಯಿ ತೆರೆದ ಕೂಡಲೇ ಮೈಕು ಕೀಂಯ್ ಎಂದು ಕೂಗಿಕೊಂಡಿತು. ಎರಡನೆಯ ಸಲವೂ ಕೂಗಿತು. ಆಕೆ ಮೈಕನ್ನು ಪಕ್ಕಕ್ಕೆ ಸರಿಸಿ, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ, ತನಗೆ ತಿಳಿದಂತೆ ಹೇಳತೊಡಗಿದಳು.

ಕಳೆದ ಚಳಿಗಾಲದಲ್ಲಿ ನಮ್ಮ ದೇಶದಲ್ಲಿ ಎಪ್ಪತ್ತು ಲಕ್ಷದ ಮೇಲೆ ಜಾನುವಾರು ಸತ್ತವು ಎಂದಳು. ಎಪ್ಪತ್ತು ಲಕ್ಷ ಎಂದರೆ ಎಷ್ಟು ಎಂದು ತನಗೆ ಗೊತ್ತಿಲ್ಲ, ತನಗೆ ಎಂಬತ್ತು ಗೊತ್ತು ಎಂದಳು. ವನದುರ್ಗದಲ್ಲಿ ಒಂದು ವರ್ಷ ರೋಗ ಬಂದು ತಮ್ಮ ಹಿಂಡಿನ ಮೂವತ್ತು ಕುರಿ ಒಂದೇ ವಾರದಲ್ಲಿ ಹೋದವು. ಅವ್ವ ಆ ಮೇಲೆ ಒಂದು ತಿಂಗಳು ಸಂಜೆಯಾದರೆ ಬಾಗಿಲಲ್ಲಿ ನಿಂತು ಎಣಿಸುವುದನ್ನು ಬಿಡಲಿಲ್ಲ, ಎಣಿಸಿ ಮುಗಿದ ಮೇಲೂ ನಿಂತಿರುತ್ತಿದ್ದಳು ಎಂದಳು. ಅಲ್ಲಿಯ ಹೆಂಗಸರೂ ಹಾಗೇ ನಿಂತಿರಬೇಕು ಎಂದಳು. ಹಿಂದಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಉಣ್ಣೆ ಮಾರಬೇಕು, ಮೇವು ತರಬೇಕು, ಅದಕ್ಕೆ ಸಮುದ್ರದ ತನಕ ಒಂದು ದಾರಿ ಬೇಕು, ಅಷ್ಟೇ ಕೇಳುವುದು ಎಂದು ಮುಗಿಸಿದಳು.

ಫ್ರಾನ್ಸ್ ಆಗಿದ್ದ ಮೌನೇಶ್ವರಿ ಕೈ ಎತ್ತಿ, ಒಂದು ವೇಳೆ ದಾರಿ ಸಿಕ್ಕರೆ ಸಮುದ್ರದ ಹತ್ತಿರ ಹೋಗಿ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಳು. ಇದಕ್ಕೆ ಗೊಲ್ಲಾಳಮ್ಮ ತಯಾರಾಗಿರಲಿಲ್ಲ.

“ಮೊದಲ ನೋಡ್ತೀನಿ,” ಎಂದಳು.

ಅಷ್ಟರಲ್ಲಿ ಚೀನಾದ ಕುರ್ಚಿಯಲ್ಲಿ ಅಬ್ದುಲ್ ಕರೀಮ ಮೊಬೈಲು ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡ. ತನ್ನ ಸರದಿ ಬಂದಾಗ ಏನು ಹೇಳುವುದೆಂದು ಅವನು ಆಗಷ್ಟೇ ಹುಡುಕತೊಡಗಿದ್ದ.

“ಅಕ್ಕಾರ, ಇಲ್ಲಿ ಬ್ಯಾರೆನೇ ಬರ್ದಾರ,” ಎಂದ. “ನಿಮ್ಮ ಸಾಮಾನು ನಮ್ಮ ತಿಯಾನ್‌ಜಿನ್ ಬಂದರದ ಮ್ಯಾಲೇ ಹೋಗತೈತಂತ. ಒಪ್ಪಂದ ಆಗಿ ಮೂವತ್ತು ವರ್ಷದ ಮ್ಯಾಲಾತಂತ.”

ಮಾಸ್ತರರು ಕನ್ನಡಕ ತೆಗೆದರು.

“ಮತ್ತ ಒಂದೂವರಿ ತಿಂಗಳಿಂದ ಯಾಕ ಹೇಳಲಿಲ್ರಿ ಭಾಯ್?” ಎಂದಳು ಗೊಲ್ಲಾಳಮ್ಮ.

“ನಂಗ ಈಗ ಗೊತ್ತಾತ್ರಿ. ನನ್ನ ದೇಶ ದೊಡ್ಡದೈತಿ, ಎಲ್ಲಾ ನೆನಪಿರಂಗಿಲ್ಲ.”

ಯಾರೋ ಒಬ್ಬರು ನಕ್ಕರು, ಆಮೇಲೆ ಇನ್ನೂರು ಮಂದಿಯೂ ನಕ್ಕರು. ಸೂಗಪ್ಪನೂ ನಕ್ಕ, ಅವನು ನಗುವಾಗ ಹೆಗಲು ಮಾತ್ರ ಅಲುಗುತ್ತದೆ. ಗೊಲ್ಲಾಳಮ್ಮ ನಡುವೆ ನಿಂತು, ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಸೆರಗು ಸರಿಮಾಡಿಕೊಂಡಳು. ಒಂದೂವರೆ ತಿಂಗಳು ಊರನ್ನು ಸೀಳಿ, ಗೆಳತಿಯ ಹಿಟ್ಟು ನಿಲ್ಲಿಸಿ, ಬಿಪಿ ಏರಿಸಿಕೊಂಡು ಕೇಳಿದ ದಾರಿ ಮೊದಲೇ ಇತ್ತು.

ಆಗ ಕಸ್ತೂರಿಬಾಯಿ ಎದ್ದಳು. ದಾರಿ ಯಾಕೆ ಕೊಡುವುದಿಲ್ಲ ಎಂದು ನಾಲ್ಕು ಕಾರಣ ಬರೆದುಕೊಂಡು ಬಂದಿದ್ದ ಕಾಗದ ಅವಳ ಕೈಯಲ್ಲೇ ಇತ್ತು. ಚೀನಾ ಕೊಟ್ಟ ಮೇಲೆ ರಷ್ಯಾ ಕೊಡದಿದ್ದರೆ ಮಂದಿ ಏನೆಂದಾರು? ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಳು.

“ಚೀನಾ ಕೊಟ್ಟಾರಂದ್ರ ನಾವೇನ್ ಕಮ್ಮಿ ಇದ್ದೀವೇನ್?” ಎಂದಳು. “ರಷ್ಯಾನೂ ಕೊಡತೈತಿ, ಬರ್ಕೊಳ್ರಿ ಮಾಸ್ತರ್ರ. ಅರ್ಜಿ ಬ್ಯಾಡ.” ಆಮೇಲೆ ಗೊಲ್ಲಾಳಮ್ಮನ ಕಡೆ ತಿರುಗಿ ದನಿ ಇಳಿಸಿದಳು. “ನೋಡಾಕ ಹೋಗುವಾಗ ನನ್ನೂ ಕರಿ. ನಾನೂ ಸಮುದ್ರ ನೋಡಿಲ್ಲ.”

ಇದ್ದ ದಾರಿಯನ್ನೇ ಮತ್ತೊಮ್ಮೆ ಕೊಡಬೇಕು ಎಂಬ ಠರಾವಿಗೆ ಓಟು ಹಾಕಲಾಯಿತು. ಹದಿನಾರು ಕೈ ಮೇಲೆದ್ದವು. ಸರದಾರಸಾಬ ತಾನು ತಟಸ್ಥ ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಆ ಹೊತ್ತಿಗೆ ಬಸಲಿಂಗ ಬಾಗಿಲಲ್ಲಿ ಕಾಣಿಸಿಕೊಂಡು ಹೆಣ್ಣುಕರು ಎಂದು ಕೂಗಿ ಹೇಳಿದ. ಮಾಸ್ತರರು ಅದನ್ನು ಅಮೆರಿಕದ ಒಪ್ಪಿಗೆ ಎಂದು ಬರೆದುಕೊಂಡರು.

ಮರುದಿನ ಕಸ್ತೂರಿಬಾಯಿಯ ಡಬ್ಬಿ ಗಿರಣಿಗೆ ಬಂತು. ಗೊಲ್ಲಾಳಮ್ಮ ಎಲ್ಲರ ಹಿಟ್ಟು ಬಿಟ್ಟು ಅದನ್ನೇ ಮೊದಲು, ಎರಡು ಸಲ ಬಿಟ್ಟು ಸಣ್ಣಗೆ ಬೀಸಿದಳು. ಉಪ್ಪಿನಕಾಯಿಯ ಭರಣಿ ಮಾತ್ರ ವಾಪಸು ಬರಲಿಲ್ಲ. ಕೇಳಿದ್ದಕ್ಕೆ, ಅಯ್ಯಣ್ಣ ತಿಂದು ಮುಗಿಸಿದ ಎಂದು ತಿಳಿಯಿತು.

ಈ ಸುದ್ದಿ ಸುರಪುರಕ್ಕೆ ಹೋಗಲು ಬಹಳ ದಿನ ಹಿಡಿಯಲಿಲ್ಲ. ಅಲ್ಲಿಯ ಮಹಿಳಾ ಸಂಘದವರು ತಮ್ಮ ಊರಲ್ಲೂ ಹೀಗೇ ಮಾಡಬೇಕೆಂದು ಮಾಸ್ತರರಿಗೆ ಫೋನು ಮಾಡಿದರು. ಮಾಸ್ತರರು ತಮಗಿಂತ ಗೊಲ್ಲಾಳಮ್ಮ ಹೋದರೆ ಒಳ್ಳೆಯದು ಎಂದರು. ನವೆಂಬರಿನ ಒಂದು ಭಾನುವಾರ ಆಕೆ, ಕಸ್ತೂರಿಬಾಯಿ ಇಬ್ಬರೂ ಸುರಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಗೊಲ್ಲಾಳಮ್ಮ ಅಲ್ಲಿ ಏನು ಹೇಳಬೇಕೆಂದು ಕಸ್ತೂರಿಬಾಯಿಗೆ ಒಪ್ಪಿಸುತ್ತಾ ಹೋದದ್ದರಿಂದ ಬಸ್ಸಿನಲ್ಲಿದ್ದವರೆಲ್ಲ ಇಳಿಯುವ ಹೊತ್ತಿಗೆ ಮಂಗೋಲಿಯಾದ ಪರಿಚಿತರಾಗಿದ್ದರು. ಕಂಡಕ್ಟರು ಇಳಿಸುವಾಗ, ಅಲ್ಲಿ ಬಸ್ಸಿದೆಯೇ ಎಂದು ಕೇಳಿದ.

ಸುರಪುರದ ಮಂದಿ ಚೀಟಿ ಎತ್ತಿದರು. ಹಿಂದಿನ ಸಾಲಿನಿಂದ ವಿಶ್ವರಾಧ್ಯ ಎಂಬ ವಯಸ್ಸಾದ ಬಟ್ಟೆ ವ್ಯಾಪಾರಿ ಚೀಟಿಯನ್ನು ಮೇಲೆತ್ತಿ ಹಿಡಿದು, ಸಿಟ್ಟಿನಿಂದ ಎದ್ದು ಬಂದ.

“ಇದೇನ್ರಿ ಅವ್ವಾರ, ಚ್ಯಾಷ್ಟಿ ಮಾಡ್ತೀರೇನ್? ಎಲ್ಲಾರಿಗೂ ದೇಶ ಕೊಟ್ಟು ನಂಗ ಟುವಾಲು ಕೊಟ್ಟೀರಿ.”

ಗೊಲ್ಲಾಳಮ್ಮ ಚೀಟಿ ಇಸಕೊಂಡು ಓದಿದಳು. ಟುವಾಲು ಎಂದೇ ಇತ್ತು. ಆಕೆಗೂ ಅನುಮಾನ ಬಂತು. ಆದರೆ ತೋರಿಸಿಕೊಳ್ಳಲಿಲ್ಲ, ಕಸ್ತೂರಿಬಾಯಿಯ ಕೈಯಲ್ಲಿ ಮೊಬೈಲು ತೆಗೆಸಿ ನೋಡಿಸಿದಳು. ಇತ್ತು. ಸಮುದ್ರದ ನಡುವೆ ಸಣ್ಣ ದೇಶ, ಬಾವುಟ ಇತ್ತು, ಪ್ರಧಾನಮಂತ್ರಿ ಇದ್ದ, ಜನಸಂಖ್ಯೆ ಹತ್ತು-ಹನ್ನೊಂದು ಸಾವಿರ.

ವಿಶ್ವರಾಧ್ಯ ತಾನೂ ಬಗ್ಗಿ ಮೊಬೈಲು ನೋಡಿದ. ತನ್ನ ಅಂಗಡಿ ಇರುವ ಪೇಟೆಯಲ್ಲೂ ಸುತ್ತಮುತ್ತ ಅಷ್ಟೇ ಮಂದಿ ಇದ್ದಾರೆ, ಅವರಲ್ಲಿ ಮುಕ್ಕಾಲು ಜನರ ಅಂಗಿಯ ಅಳತೆ ತನಗೆ ಗೊತ್ತು ಎಂದ. ಹಾಗಾದರೆ ನಡೆಸಬಹುದು ಎನ್ನಿಸಿತು ಅವನಿಗೆ. ಚೀಟಿ ವಾಪಸು ಇಸಕೊಂಡು, ಅಂಗಿಯ ಕಿಸೆಯಲ್ಲಿಟ್ಟು, ಮುಂದಿನ ಸಭೆ ಯಾವತ್ತು, ಎಷ್ಟು ಗಂಟೆಗೆ ಎಂದು ಕೇಳಿದ.